ಬಿಎಂಡಬ್ಲ್ಯು ಆರ್69ಎಸ್ ಅಥವಾ ಆರ್90ಎಸ್: ಸಂಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಜರ್ಮನ್ ಬೈಕುಗಳು ಬೇಕಾದಷ್ಟಿವೆ. ಈ ಎರಡನ್ನೇ ಏಕೆ ಪಕ್ಕಪಕ್ಕ ಇಟ್ಟು ನೋಡಬೇಕು?

ಎರಡೂ ತಮ್ಮ ತಮ್ಮ ಕಾಲದಲ್ಲಿ ಬಿಎಂಡಬ್ಲ್ಯು ಮಾರಿದ ಅತಿ ವೇಗದ ಬೈಕುಗಳು. ಎರಡರಲ್ಲೂ ಎಡಬಲಕ್ಕೆ ಚಾಚಿದ ಬಾಕ್ಸರ್ ಎಂಜಿನ್, ಚೈನಿನ ಬದಲು ಶಾಫ್ಟ್. ಮೊದಲ ಹಳೆಯ ಬಿಎಂಡಬ್ಲ್ಯು ಹುಡುಕುವವರು ಕೊನೆಗೆ ಈ ಎರಡರ ನಡುವೆ ಬಂದು ನಿಲ್ಲುವುದು ಸಾಮಾನ್ಯ.

ಹೊರಗಿನ ಹೋಲಿಕೆ ನಂಬಿ ಮೋಸ ಹೋಗಬೇಡಿ. ಆರ್69ಎಸ್ 1960ರಿಂದ 1969ರವರೆಗೆ ಮ್ಯೂನಿಕ್‌ನಲ್ಲಿ ತಯಾರಾಯಿತು. ಆರ್90ಎಸ್ 1973ರ ಕೊನೆಯಿಂದ 1976ರವರೆಗೆ ಬರ್ಲಿನ್ನಿನ ಸ್ಪಾಂಡೌ ಕಾರ್ಖಾನೆಯಲ್ಲಿ ತಯಾರಾಯಿತು. ಈ ಎರಡರ ನಡುವೆ, 1969ರಲ್ಲಿ, ಎಂಜಿನ್ ಪೂರ್ತಿ ಬದಲಾಯಿತು. ರೋಲರ್ ಬೇರಿಂಗಿನ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಹೋಗಿ ಪ್ಲೇನ್ ಬೇರಿಂಗಿನ ಕ್ರ್ಯಾಂಕ್ ಬಂತು. ಕ್ರ್ಯಾಂಕಿನ ಮೇಲಿದ್ದ ಕ್ಯಾಮ್‌ಶಾಫ್ಟ್ ಕೆಳಗಿಳಿಯಿತು, ಅದನ್ನು ತಿರುಗಿಸುವ ಕೆಲಸ ಗೇರುಗಳಿಂದ ಚೈನಿಗೆ ಬಂತು, ಆಯಿಲ್ ಫಿಲ್ಟರ್ ಸೇರಿತು. ಹೀಗಾಗಿ ಒಂದರ ಅನುಭವ ಇನ್ನೊಂದಕ್ಕೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಆರ್69ಎಸ್ ನಿಮ್ಮ ದುಡ್ಡು ನುಂಗುವುದು ಕಣ್ಣಿಗೆ ಕಾಣದ ಕಡೆ, ಎಂಜಿನ್ ಒಳಗೆ. ಆರ್90ಎಸ್ ನುಂಗುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಕಡೆ: ಬಣ್ಣ, ಫೇರಿಂಗ್ (ಮುಂದೆ ಗಾಳಿ ತಡೆಯುವ ಕವಚ), ಕಾರ್ಬೊರೇಟರ್. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು.

ಅಂಕಿ ಅಂಶದಲ್ಲಿ ಎಷ್ಟು ಅಂತರ?

ಆರ್69ಎಸ್: 594 ಸಿಸಿ, ಬೋರ್ 72 ಮಿ.ಮೀ., ಸ್ಟ್ರೋಕ್ 73 ಮಿ.ಮೀ., 7,000 ಆರ್‌ಪಿಎಂನಲ್ಲಿ 42 ಅಶ್ವಶಕ್ತಿ, 26 ಮಿ.ಮೀ. ಬಿಂಗ್ ಕಾರ್ಬೊರೇಟರ್ ಎರಡು, 4 ಗೇರು, 6 ವೋಲ್ಟ್, ಮ್ಯಾಗ್ನೆಟೊ (ಬ್ಯಾಟರಿಯಿಲ್ಲದೆ ಕಿಡಿ ಹುಟ್ಟಿಸುವ ಸಾಧನ), ಹಿಂದೆ ಮುಂದೆ 200 ಮಿ.ಮೀ. ಡ್ರಮ್ ಬ್ರೇಕ್. ತೂಕ ಸುಮಾರು 202 ಕೆ.ಜಿ., ಗರಿಷ್ಠ ವೇಗ ಗಂಟೆಗೆ 175 ಕಿ.ಮೀ. ಇದು ಜಾಹೀರಾತಿನ ಮಾತಲ್ಲ. 1961ರಲ್ಲಿ ಫ್ರಾನ್ಸಿನ ಮಾಂಟ್ಲೇರಿ ಟ್ರ್ಯಾಕಿನಲ್ಲಿ ಸಜ್ಜುಗೊಳಿಸಿದ ಒಂದು ಆರ್69ಎಸ್ 24 ಗಂಟೆ ಸತತವಾಗಿ ಓಡಿ, ಹೆಚ್ಚುಕಡಿಮೆ ಅಷ್ಟೇ ಸರಾಸರಿ ವೇಗದಲ್ಲಿ ದಾಖಲೆ ಬರೆಯಿತು.

ಆರ್90ಎಸ್: 898 ಸಿಸಿ, ಬೋರ್ 90, ಸ್ಟ್ರೋಕ್ 70.6, 7,000 ಆರ್‌ಪಿಎಂನಲ್ಲಿ 67 ಅಶ್ವಶಕ್ತಿ, 38 ಮಿ.ಮೀ. ಡೆಲೋರ್ಟೊ ಕಾರ್ಬೊರೇಟರ್, 5 ಗೇರು, 12 ವೋಲ್ಟ್, ಸೆಲ್ಫ್ ಸ್ಟಾರ್ಟ್, ಮುಂದೆ 260 ಮಿ.ಮೀ. ಎರಡು ಡಿಸ್ಕ್, 24 ಲೀಟರ್ ಟ್ಯಾಂಕ್. ತೂಕ ಸುಮಾರು 215 ಕೆ.ಜಿ., ವೇಗ 200 ಕಿ.ಮೀ.

ಕಂಪ್ರೆಶನ್ ಎರಡರದೂ 9.5:1. ಆರ್69ಎಸ್ ತಯಾರಾದದ್ದು ಹನ್ನೊಂದು ಸಾವಿರ ಚಿಲ್ಲರೆ, ಆರ್90ಎಸ್ ಹದಿನೇಳು ಸಾವಿರಕ್ಕೂ ಹೆಚ್ಚು.

ಓಡಿಸಲು ಹೇಗಿರುತ್ತವೆ?

ಆರ್69ಎಸ್ ಮುಂಭಾಗದಲ್ಲಿರುವುದು ಅರ್ಲ್ಸ್ ಫೋರ್ಕ್. ಹಿಂದಿನ ಸ್ವಿಂಗ್ ಆರ್ಮಿನಂಥದ್ದೇ ಒಂದು ತೋಳು ಮುಂದಿನ ಚಕ್ರವನ್ನು ಹಿಡಿದಿರುತ್ತದೆ. ಬ್ರೇಕ್ ಒತ್ತಿದರೆ ಮುಂಭಾಗ ಕುಸಿಯುವ ಬದಲು ತುಸು ಮೇಲೇಳುತ್ತದೆ. ಮೊದಲ ಸಲ ಹತ್ತಿದವರಿಗೆ ಇದು ವಿಚಿತ್ರ ಅನ್ನಿಸಿದರೂ ಹತ್ತು ಕಿಲೋಮೀಟರಿನಲ್ಲಿ ಒಗ್ಗಿಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಇಷ್ಟು ಮೆತ್ತಗೆ ಹೋಗುವ 60ರ ದಶಕದ ಬೈಕು ಬಹಳ ಕಡಿಮೆ. ಗಂಟೆಗೆ 90ರಿಂದ 110 ಕಿ.ಮೀ. ಅದಕ್ಕೆ ಹಿತವಾದ ವೇಗ. ಡ್ರಮ್ ಬ್ರೇಕ್ ಸರಿಯಾಗಿ ಹೊಂದಿಸಿದ್ದರೆ ಸಾಕಷ್ಟು ಹಿಡಿಯುತ್ತದೆ, ಆದರೆ ಘಾಟಿ ಇಳಿಯುವಾಗ ಮೇಲಿಂದ ಮೇಲೆ ಒತ್ತಿದರೆ ಬಿಸಿಯಾಗಿ ಹಿಡಿತ ಸಡಿಲವಾಗುತ್ತದೆ.

ಆರ್90ಎಸ್ ಇವತ್ತಿನ ಹೆದ್ದಾರಿಯಲ್ಲಿ ಲಾರಿ, ಕಾರುಗಳ ಜೊತೆ ಯಾವ ಅಳುಕೂ ಇಲ್ಲದೆ ಹೋಗುತ್ತದೆ. ದಿನಕ್ಕೆ 500 ಕಿ.ಮೀ. ಓಡಿಸಿದರೂ ಬೆನ್ನು ನೋಯುವುದಿಲ್ಲ. ಆಕ್ಸಿಲರೇಟರ್ ಕೊಟ್ಟಾಗ ಹಿಂಭಾಗ ಮೇಲೇಳುವುದು, ಬಿಟ್ಟಾಗ ಕೂರುವುದು ಶಾಫ್ಟ್ ಡ್ರೈವಿನ ಸ್ವಭಾವ, ದೋಷವಲ್ಲ. ತಿರುವಿನ ನಡುವೆ ಒಮ್ಮೆಲೇ ಆಕ್ಸಿಲರೇಟರ್ ಬಿಡದಿರುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಕು.

ಆರ್69ಎಸ್ ಮಾರುವವರನ್ನು ಮೊದಲು ಏನು ಕೇಳಬೇಕು?

"ಸ್ಲಿಂಗರ್ ಕ್ಲೀನ್ ಮಾಡಿಸಿದ್ದು ಯಾವಾಗ? ಬಿಲ್ ಇದೆಯಾ?" ಬಣ್ಣ, ಸೀಟು, ಕ್ರೋಮ್ ಬಗ್ಗೆ ಕೇಳುವುದೆಲ್ಲ ಆಮೇಲೆ.

ಈ ಎಂಜಿನ್‌ಗೆ ಆಯಿಲ್ ಫಿಲ್ಟರ್ ಇಲ್ಲ. ಅದರ ಬದಲು ಕ್ರ್ಯಾಂಕಿನ ಎರಡೂ ಪಕ್ಕೆಗಳಲ್ಲಿ ತಗಡಿನ ಬಟ್ಟಲಿನಂಥ ಬಳೆಗಳಿವೆ. ಇವನ್ನೇ ಸ್ಲಿಂಗರ್ ಅನ್ನುವುದು. ಆಯಿಲ್ ಮೊದಲು ಇವುಗಳೊಳಗೆ ಬಿದ್ದು, ಅಲ್ಲಿಂದ ಬಿಗ್ ಎಂಡ್ ಬೇರಿಂಗಿಗೆ (ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಕೂಡುವ ಕಡೆಯದು) ಹೋಗುತ್ತದೆ. ಕ್ರ್ಯಾಂಕ್ ತಿರುಗುವ ರಭಸಕ್ಕೆ ಆಯಿಲಿನಲ್ಲಿರುವ ಲೋಹದ ಪುಡಿ, ಕಿಟ್ಟ ಎಲ್ಲವೂ ಬಳೆಯ ಹೊರ ಅಂಚಿಗೆ ಒತ್ತಿಕೊಂಡು ಅಂಟುತ್ತದೆ. ವರ್ಷಗಳು ಕಳೆದಂತೆ ಅದು ಗಟ್ಟಿ ಮೇಣದಂತಾಗಿ ಬಳೆ ತುಂಬಿ, ಆಯಿಲ್ ಹೋಗುವ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿಗ್ ಎಂಡ್ ಒಣಗಿ ಓಡುತ್ತದೆ.

ಇದರಲ್ಲಿ ಅಪಾಯ ಏನೆಂದರೆ ಮುನ್ಸೂಚನೆಯೇ ಇಲ್ಲದಿರುವುದು. ಎಂಜಿನ್ ಸದ್ದು ಚೆನ್ನಾಗಿರುತ್ತದೆ, ಹೊಗೆ ಬರುವುದಿಲ್ಲ, ಕಂಪ್ರೆಶನ್ ಸರಿಯಿರುತ್ತದೆ. ಬಡಿಯುವ ಸದ್ದು ಕೇಳಿಸುವ ಹೊತ್ತಿಗೆ ಬೇರಿಂಗ್ ಹಾಳಾಗಿರುತ್ತದೆ. ಒಳ್ಳೆಯ ಹೊಸ ಆಯಿಲ್ ಹಾಕಿದರೆ ಕೊಳೆ ಕರಗಿ ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ತುಂಬಿದ ಸ್ಲಿಂಗರ್ ಆಯಿಲ್ ಬದಲಿಸಿದ್ದರಿಂದ ಖಾಲಿಯಾಗುವುದಿಲ್ಲ.

ಅದನ್ನು ಸ್ವಚ್ಛ ಮಾಡಲು ಕ್ರ್ಯಾಂಕ್ ಹೊರಗೆ ತೆಗೆಯಲೇಬೇಕು. ಗೇರುಬಾಕ್ಸ್ ಇಳಿಸಿ, ಕ್ಲಚ್, ಫ್ಲೈವೀಲ್, ಮುಂದಿನ ಟೈಮಿಂಗ್ ಗೇರು, ಸಿಲಿಂಡರುಗಳನ್ನೆಲ್ಲ ಕಳಚಬೇಕು. ಫ್ಲೈವೀಲ್ ಟೇಪರ್ ಮೇಲೆ ಬಿಗಿಯಾಗಿ ಕೂತಿರುವುದರಿಂದ ಅದಕ್ಕೆಂದೇ ಮಾಡಿದ ಪುಲ್ಲರ್ ಬೇಕು, ಸುತ್ತಿಗೆ ಹಿಡಿದು ಹೋಗಬೇಡಿ. ಕ್ರ್ಯಾಂಕ್ ಸ್ವತಃ ಪ್ರೆಸ್ ಮಾಡಿ ಕೂಡಿಸಿದ ತುಂಡುಗಳದ್ದು. ಬಿಗ್ ಎಂಡ್ ಬದಲಿಸಬೇಕಾಗಿ ಬಂದರೆ ಅದನ್ನು ಬಿಡಿಸಿ, ಮತ್ತೆ ಒತ್ತಿ ಕೂಡಿಸಿ, 0.02 ಮಿ.ಮೀ. ಒಳಗೆ ನೇರ ಮಾಡಬೇಕು. ಈ ಕೆಲಸ ಬಲ್ಲ ವರ್ಕ್‌ಶಾಪುಗಳು ಜರ್ಮನಿ, ಅಮೆರಿಕದಲ್ಲಿವೆ. ಊರಿನ ಬೋರಿಂಗ್ ಅಂಗಡಿಯಲ್ಲಿ ಮಾಡಿಸುವ ಕೆಲಸ ಇದಲ್ಲ.

ಸುಮಾರು 50,000 ಕಿ.ಮೀ.ಗೆ ಒಮ್ಮೆ ಸ್ಲಿಂಗರ್ ಕೆಲಸ ಆಗಬೇಕು ಎಂಬುದು ಈ ಎಂಜಿನ್ ಬಲ್ಲವರ ಲೆಕ್ಕ. ಬಿಲ್ ಇಲ್ಲ, ಫೋಟೊ ಇಲ್ಲ, "ನನಗೆ ಮಾರಿದವರು ಮಾಡಿಸಿದ್ದೇನೆ ಅಂದಿದ್ದರು" ಎಂಬ ಮಾತು ಮಾತ್ರ ಇದ್ದರೆ ಕೆಲಸ ಆಗಿಲ್ಲವೆಂದೇ ತಿಳಿಯಿರಿ. ಪೂರ್ತಿ ಎಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಡ್ಯಾಂಪರ್ ಇರುವುದು, ಇಲ್ಲದಿರುವುದು ಅಂತಾರಲ್ಲ, ಏನದು?

ಮೊದಮೊದಲ ಆರ್69ಎಸ್‌ಗಳನ್ನು ಒಂದೇ ಸಮನೆ ಹೆಚ್ಚು ವೇಗದಲ್ಲಿ ಓಡಿಸಿದಾಗ ಕ್ರ್ಯಾಂಕ್ ಮುರಿದ ಪ್ರಸಂಗಗಳಿದ್ದವು. ಅದಕ್ಕಾಗಿ 1963ರ ಹೊತ್ತಿಗೆ ಕ್ರ್ಯಾಂಕಿನ ಮುಂದಿನ ತುದಿಗೆ ಅದುರು ತಡೆಯುವ ಡ್ಯಾಂಪರ್ ಸೇರಿಸಿದರು. ಎಂಜಿನ್ನಿನ ಮುಂದಿನ ಮುಚ್ಚಳ ಉಬ್ಬಿದ್ದರೆ ಅದರ ಹಿಂದೆ ಡ್ಯಾಂಪರ್ ಇರಬೇಕು. ಮುಚ್ಚಳ ಮಾತ್ರ ಬದಲಿಸಿದ ಬೈಕುಗಳೂ ಇರುವುದರಿಂದ ಬಿಚ್ಚಿ ನೋಡಿ. ತುಕ್ಕು ಹಿಡಿದು ಜಾಮ್ ಆದ ಡ್ಯಾಂಪರ್ ಇದ್ದೂ ಇಲ್ಲದಂತೆ. ಹಾಗೆಯೇ ಸಿಲಿಂಡರಿನ ಬುಡದ ಫ್ಲ್ಯಾಂಜ್ ಸುತ್ತ ಬಿರುಕಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಆರ್69ಎಸ್ ಮ್ಯಾಗ್ನೆಟೊ ತೊಂದರೆ ಕೊಡುತ್ತದೆಯೇ?

ಒಳ್ಳೆಯ ಕಾಯಿಲ್ ಇದ್ದರೆ ಬ್ಯಾಟರಿ ಸತ್ತಿದ್ದರೂ ಬೈಕು ಸ್ಟಾರ್ಟ್ ಆಗುತ್ತದೆ. ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಪ್ಲಗ್ ಕ್ಯಾಪ್ ತೆಗೆದು ನೇತಾಡಲು ಬಿಟ್ಟು ಕಿಕ್ ಹೊಡೆದರೆ ಕಿಡಿಗೆ ಹೋಗಲು ದಾರಿಯಿಲ್ಲದೆ ಕಾಯಿಲಿನ ಇನ್ಸುಲೇಶನ್ ಸುಡುತ್ತದೆ. ಸ್ಪಾರ್ಕ್ ನೋಡಬೇಕಿದ್ದರೆ ಎರಡೂ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎರಡನ್ನೂ ಹೆಡ್ಡಿಗೆ ತಾಗಿಸಿಟ್ಟೇ ಕಿಕ್ ಮಾಡಿ. ಒಂದು ಪ್ಲಗ್ ಅಲ್ಲ, ಎರಡೂ.

ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ, ಅರ್ಧ ಗಂಟೆ ಓಡಿದ ಮೇಲೆ ತಡವರಿಸಿ ನಿಂತರೆ ಕಾಯಿಲ್ ಮೇಲೆ ಅನುಮಾನಪಡಿ. ಕೊಳ್ಳುವ ಮುನ್ನ ಬಿಸಿ ಎಂಜಿನ್ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿಸಿ ನೋಡಿ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಲಿ. ದೀಪದ ಬೆಳಕು ಸಾಲದೆಂದು 12 ವೋಲ್ಟಿಗೆ ಬದಲಿಸಿದವರು ಬಹಳ. ದಿನಾ ಓಡಿಸುವವರಿಗೆ ಅದು ಒಳ್ಳೆಯದೇ. ಸಂಗ್ರಹಕ್ಕಾದರೆ ಹಳೆಯ ಡೈನಮೊ, ರೆಗ್ಯುಲೇಟರ್ ಕೂಡ ಜೊತೆಗೇ ಕೊಡಿ ಎಂದು ಕೇಳಿ.

ಆರ್60/2 ಬೈಕನ್ನು ಆರ್69ಎಸ್ ಎಂದು ಮಾರುತ್ತಾರಂತೆ, ಗುರುತಿಸುವುದು ಹೇಗೆ?

ಆರ್60/2 ಅದೇ ಕಾಲದ, ಕಡಿಮೆ ಶಕ್ತಿಯ ಬಿಎಂಡಬ್ಲ್ಯು. ಎರಡೂ 594 ಸಿಸಿ, ಫ್ರೇಮ್ ನೋಡಲು ಒಂದೇ ಥರ. ಮೊದಲು ವಾಲ್ವ್ ಕವರ್ ನೋಡಿ: ಆರ್69ಎಸ್‌ನದರ ಮೇಲೆ ಎರಡೇ ಅಡ್ಡ ಏಣುಗಳು, ಆರ್60/2ನದರ ಮೇಲೆ ಆರು. ಆದರೆ ಕವರ್ ಬದಲಿಸುವುದು ಐದು ನಿಮಿಷದ ಕೆಲಸ, ಆದ್ದರಿಂದ ನಂಬರೇ ಮುಖ್ಯ. ಈ ಕಾಲದ ಬಿಎಂಡಬ್ಲ್ಯುಗಳಲ್ಲಿ ಕಾರ್ಖಾನೆಯಿಂದ ಬರುವಾಗ ಎಂಜಿನ್ ನಂಬರ್, ಫ್ರೇಮ್ ನಂಬರ್ ಒಂದೇ ಇರುತ್ತಿತ್ತು. ಆರ್69ಎಸ್ ನಂಬರುಗಳು 655ರಿಂದ 666ರವರೆಗಿನ ಅಂಕಿಗಳಲ್ಲಿ ಶುರುವಾಗುವ ಆರಂಕಿಯವು. ಕಾರ್ಖಾನೆಯ ಪ್ಲೇಟು, ಫ್ರೇಮ್, ಎಂಜಿನ್ ಮೂರರ ಮೇಲೂ ಅದೇ ನಂಬರ್ ಇರಬೇಕು. ನಂಬರ್ ಹೊಂದದ ಬೈಕು ಓಡಿಸಲು ಚೆನ್ನಾಗಿಯೇ ಇರಬಹುದು, ಆದರೆ ಹೊಂದುವ ಬೈಕಿನ ಬೆಲೆ ಅದಕ್ಕೆ ಕೊಡಬೇಡಿ. ಅಂಕಿಗಳ ಸುತ್ತ ಉಜ್ಜಿದ ಗುರುತು ಕಂಡರೆ ಬಿಟ್ಟು ಬನ್ನಿ.

ಮ್ಯೂನಿಕ್‌ನ ಬಿಎಂಡಬ್ಲ್ಯು ಗ್ರೂಪ್ ಕ್ಲಾಸಿಕ್ ವಿಭಾಗಕ್ಕೆ ಫ್ರೇಮ್ ನಂಬರ್ ಕಳಿಸಿದರೆ ಬೈಕು ತಯಾರಾದ ದಿನ, ಮೊದಲು ಯಾವ ಡೀಲರಿಗೆ ಹೋಯಿತು ಎಂಬ ವಿವರ ಸಿಗುತ್ತದೆ. ಎರಡೂ ಮಾದರಿಗೆ ಈ ಪತ್ರ ತರಿಸಿ.

ಟೆಲಿಸ್ಕೋಪಿಕ್ ಫೋರ್ಕ್ ಇರುವ ಆರ್69ಎಸ್ ಅಸಲಿಯೇ? ಸೈಡ್‌ಕಾರ್ ಹಾಕಬಹುದೇ?

ಅಸಲಿಯೇ. 60ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆಂದು ಅಂಥವನ್ನು ಮಾಡಿದರು, ಆರ್69ಯುಎಸ್ ಎಂದು ಕರೆಯುತ್ತಾರೆ. ಅದರ ಫ್ರೇಮಿನಲ್ಲಿ ಸೈಡ್‌ಕಾರ್ ಕಟ್ಟುವ ಕಿವಿಗಳಿಲ್ಲ. ಸೈಡ್‌ಕಾರ್ ಆಸೆಯಿದ್ದರೆ ಅರ್ಲ್ಸ್ ಫೋರ್ಕಿನದ್ದನ್ನೇ ಹುಡುಕಿ. ಅದರಲ್ಲಿ ತೋಳನ್ನು ಕೂರಿಸಲು ಒಂಟಿ ಬೈಕಿಗೊಂದು, ಸೈಡ್‌ಕಾರಿಗೊಂದು ಎಂದು ಎರಡು ಜಾಗಗಳಿವೆ. ಜೊತೆಗೆ ಹಿಂದಿನ ಡ್ರೈವಿನ ಹಲ್ಲುಗಳ ಲೆಕ್ಕವೂ ಬೇರೆ: ಒಂಟಿಗೆ 25/8, ಸೈಡ್‌ಕಾರಿಗೆ 26/6. ಒಂಟಿ ಬೈಕು ಎಂದು ಮಾರುತ್ತಿರುವುದರಲ್ಲಿ 26/6 ಕೂತಿದ್ದರೆ 80ಕ್ಕೇ ಎಂಜಿನ್ ಚೀರಾಡುತ್ತದೆ. ಸರಿಯಾದ ಡ್ರೈವ್ ಹುಡುಕಲು ದುಡ್ಡು, ಸಮಯ ಎರಡೂ ಬೇಕು.

ಆರ್90ಎಸ್‌ಗೆ ಸೈಡ್‌ಕಾರ್ ಬೇಡ. 1969ರ ನಂತರದ ಫ್ರೇಮುಗಳನ್ನು ಬಿಎಂಡಬ್ಲ್ಯು ಅದಕ್ಕೆಂದು ಮಾಡಲಿಲ್ಲ.

ಆರ್90ಎಸ್ ಅಸಲಿಯೋ, ಆರ್90/6ನಿಂದ ಕಟ್ಟಿದ್ದೋ?

ಆರ್90/6 ಅದೇ 898 ಸಿಸಿ ಎಂಜಿನ್, ಆದರೆ 60 ಅಶ್ವಶಕ್ತಿ, 9:1 ಕಂಪ್ರೆಶನ್, 32 ಮಿ.ಮೀ. ಬಿಂಗ್ ಕಾರ್ಬೊರೇಟರ್. ಫೇರಿಂಗ್, ಟ್ಯಾಂಕ್, ಸೀಟು ತೊಡಿಸಿದರೆ ಹೊರಗಿನಿಂದ ಆರ್90ಎಸ್ ಆಗಿಬಿಡುತ್ತದೆ. ಎಂಜಿನ್ ನಂಬರ್ ಎಡಗಡೆ ಆಯಿಲ್ ಡಿಪ್‌ಸ್ಟಿಕ್ ಮೇಲ್ಭಾಗದಲ್ಲಿದೆ, ಫ್ರೇಮ್ ನಂಬರ್ ಹ್ಯಾಂಡಲ್ ತಿರುಗುವ ಸ್ಟೀರಿಂಗ್ ಹೆಡ್ಡಿನ ಬಳಿ. ಎರಡೂ ಹೊಂದಬೇಕು. ಬಿಎಂಡಬ್ಲ್ಯು ಗ್ರೂಪ್ ಕ್ಲಾಸಿಕ್ ಕೊಡುವ ಪತ್ರದಲ್ಲಿ ಮಾದರಿಯ ಹೆಸರು ಬರುವುದರಿಂದ ಅನುಮಾನ ಅಲ್ಲಿಗೆ ಮುಗಿಯುತ್ತದೆ.

1974, 75, 76: ಯಾವ ವರ್ಷದ ಆರ್90ಎಸ್ ಒಳ್ಳೆಯದು?

1974ರ ಮಾದರಿಗೆ ಕಿಕ್ಕರ್ ಇದೆ, ಡಿಸ್ಕಿನಲ್ಲಿ ತೂತುಗಳಿಲ್ಲ, ಸ್ವಿಚ್ಚುಗಳು ಹಳೆಯ ಥರದವು. 1975ಕ್ಕೆ ತೂತುಗಳ ಡಿಸ್ಕ್ ಬಂತು, ಮುಂದಿನ ಆಕ್ಸಲ್ 14ರಿಂದ 17 ಮಿ.ಮೀ.ಗೆ ದಪ್ಪವಾಯಿತು, ಸ್ವಿಚ್ಚುಗಳು ಬದಲಾದವು. 1976ರಲ್ಲಿ ಬ್ರೇಕ್ ಕ್ಯಾಲಿಪರಿನ ಪಿಸ್ಟನ್ 38ರಿಂದ 40 ಮಿ.ಮೀ. ಆಯಿತು. ಓಡಿಸಲು ಹುಡುಕುವವರಿಗೆ 1975, 76ನ್ನೇ ಹೇಳುತ್ತೇವೆ. ಸಂಗ್ರಹಕ್ಕಾದರೆ ಮೊದಲ ವರ್ಷದ್ದಕ್ಕೆ ಅದರದೇ ಬೆಲೆಯಿದೆ, ಆದರೆ ಅದರ ಮೇಲೆ ಮೊದಲ ವರ್ಷದ ಭಾಗಗಳೇ ಇರಬೇಕು.

ಬೂದಿ ಬಣ್ಣವೋ, ಕಿತ್ತಳೆಯೋ?

ಬೆಳ್ಳಿಬೂದಿಯ ಸಿಲ್ವರ್ ಸ್ಮೋಕ್ ಮೊದಲಿನದ್ದು, ಡೇಟೋನಾ ಆರೆಂಜ್ 1975ಕ್ಕೆ ಬಂದದ್ದು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಿತ್ತಳೆಗೆ ಬೆಲೆ ಹೆಚ್ಚು. 1976ರಲ್ಲಿ ಡೇಟೋನಾದ ಸೂಪರ್‌ಬೈಕ್ ರೇಸಿನಲ್ಲಿ ಸ್ಟೀವ್ ಮೆಕ್‌ಲಾಫ್ಲಿನ್, ರೆಜ್ ಪ್ರಿಡ್‌ಮೋರ್ ಇಬ್ಬರೂ ಆರ್90ಎಸ್ ಮೇಲೆ ಮೊದಲೆರಡು ಸ್ಥಾನ ಪಡೆದರು, ಆ ವರ್ಷದ ಅಮೆರಿಕದ ಸೂಪರ್‌ಬೈಕ್ ಪಟ್ಟ ಪ್ರಿಡ್‌ಮೋರ್‌ಗೆ ಸಿಕ್ಕಿತು. ಬಣ್ಣಕ್ಕೆ ಆ ಹೆಸರು ಬಂದದ್ದು ಈ ಗೆಲುವಿನಿಂದ ಎಂದು ಹೇಳುವ ಮಾರಾಟಗಾರರಿದ್ದಾರೆ. ಇಸವಿ ನೋಡಿದರೆ ಸಾಕು, ಬಣ್ಣ ಮೊದಲು ಬಂತು, ಗೆಲುವು ಆಮೇಲೆ.

ಹಾನ್ಸ್ ಮೂತ್ ವಿನ್ಯಾಸ ಮಾಡಿದ ಈ ಬೈಕಿನ ಸೊಗಸೆಲ್ಲ ಇರುವುದು ಟ್ಯಾಂಕಿನ ಮೇಲೆ ಹೊಗೆ ಹರಡಿದಂತೆ ಗಾಢದಿಂದ ತಿಳಿಗೆ ಕರಗುವ ಬಣ್ಣದಲ್ಲಿ. ಅದನ್ನು ಒಂದೊಂದಾಗಿ ಕೈಯಲ್ಲೇ ಸ್ಪ್ರೇ ಮಾಡುತ್ತಿದ್ದರು, ಹಾಗಾಗಿ ಎರಡು ಟ್ಯಾಂಕು ಪೂರ್ತಿ ಒಂದೇ ಥರ ಇರುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿ ಹತ್ತಿರದಿಂದ ನೋಡಿ. ಅಸಲಿ ಬಣ್ಣದಲ್ಲಿ ಗಾಢ ಎಲ್ಲಿ ಮುಗಿಯಿತು, ತಿಳಿ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಬೂದಿ ಬಣ್ಣದ ಮೇಲಿನ ಚಿನ್ನದ ಗೆರೆ ಕುಂಚದಲ್ಲಿ ಎಳೆದದ್ದು: ದಪ್ಪ ಸ್ವಲ್ಪ ಏರುಪೇರಾಗುತ್ತದೆ, ತುದಿಯಲ್ಲಿ ಕುಂಚ ಎತ್ತಿದ ಗುರುತಿರುತ್ತದೆ. ಉದ್ದಕ್ಕೂ ಅಳೆದಂತೆ ಒಂದೇ ದಪ್ಪವಿದ್ದು, ಉಗುರಿಗೆ ಅಂಚು ಸಿಕ್ಕಿದರೆ ಅದು ಸ್ಟಿಕ್ಕರ್. ಅಲ್ಲಲ್ಲಿ ಕೆರೆದಿರುವ ಹಳೆಯ ಅಸಲಿ ಬಣ್ಣ, ಮಿರಮಿರ ಮಿಂಚುವ ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆಯದ್ದು. ದಯವಿಟ್ಟು ಅದನ್ನು ಉಜ್ಜಿ ಹೊಸದು ಹೊಡೆಸಬೇಡಿ.

ಡೆಲೋರ್ಟೊ ಕಾರ್ಬೊರೇಟರ್ ತೆಗೆದು ಬಿಂಗ್ ಹಾಕಿದ್ದಾರೆ. ಚಿಂತೆ ಮಾಡಬೇಕೆ?

ಓಡಿಸುವುದಕ್ಕೆ ಏನೂ ತೊಂದರೆಯಿಲ್ಲ. ಸಂಗ್ರಹದ ಬೆಲೆ ಇಳಿಯುತ್ತದೆ. ಅಸಲಿ 38 ಮಿ.ಮೀ. ಜೋಡಿ ಡಬ್ಬದಲ್ಲಿಟ್ಟು ಕೊಟ್ಟರೆ ಸರಿ, ಇಲ್ಲದಿದ್ದರೆ ಬೆಲೆ ಇಳಿಸಿ ಕೇಳಿ.

ಡೆಲೋರ್ಟೊ ಕೆಡುವುದು ಮೂರು ಕಡೆ. ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಸೋರುತ್ತದೆ. ಸೂಜಿ ಮತ್ತು ಅದರ ಜೆಟ್ ಸವೆದು, ಪ್ಲಗ್ ಕಪ್ಪಾಗಿ, ಪೆಟ್ರೋಲ್ ಸಿಕ್ಕಾಪಟ್ಟೆ ಕುಡಿಯುತ್ತದೆ. ಇವೆರಡಕ್ಕೂ ಕಿಟ್ ಸಿಗುತ್ತದೆ. ಮೂರನೆಯದು ಸ್ಲೈಡ್ ಮತ್ತು ಬಾಡಿಯ ಸವೆತ, ಇದು ದುಬಾರಿ. ಎಂಜಿನ್ ನಿಲ್ಲಿಸಿ, ಸ್ಲೈಡನ್ನು ಬೆರಳಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂದರೆ ಸವೆದಿದೆ, ಅಂಥದ್ದು ಐಡಲಿಂಗಿನಲ್ಲಿ ಸಮಕ್ಕೆ ನಿಲ್ಲುವುದೇ ಇಲ್ಲ. ಟ್ಯೂನ್ ಮಾಡುವ ಮುನ್ನ ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಹೊಂದಿಸಿ (ತಣ್ಣಗಿದ್ದಾಗ ಇನ್ಲೆಟ್ 0.15, ಎಕ್ಸಾಸ್ಟ್ 0.20 ಮಿ.ಮೀ.), ಆಮೇಲೆ ಪಾಯಿಂಟ್, ಟೈಮಿಂಗ್, ಕೊನೆಗೆ ಕಾರ್ಬೊರೇಟರ್. ಕ್ರಮ ತಪ್ಪಿಸಿದರೆ ಇಡೀ ದಿನ ಸ್ಕ್ರೂ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಆರ್90ಎಸ್ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇದು ಔಪಚಾರಿಕ ಎಚ್ಚರಿಕೆ ಅಲ್ಲ. ಮುಂದಿನ ಅಲ್ಯೂಮಿನಿಯಂ ಮುಚ್ಚಳ ತೆಗೆಯುವಾಗ ಅದು ಡಯೋಡ್ ಬೋರ್ಡಿನ (ಆಲ್ಟರ್ನೇಟರಿನ ವಿದ್ಯುತ್ತನ್ನು ಬ್ಯಾಟರಿಗೆ ಹೊಂದುವಂತೆ ಮಾಡುವ ಭಾಗ) ಟರ್ಮಿನಲ್ಲಿಗೆ ತಾಗುತ್ತದೆ, ಬ್ಯಾಟರಿ ಜೋಡಿಸಿಯೇ ಇದ್ದರೆ ಬೋರ್ಡು ಆ ಕ್ಷಣವೇ ಸುಟ್ಟುಹೋಗುತ್ತದೆ. ಚೆನ್ನಾಗಿದ್ದ ಬೋರ್ಡು ಹೀಗೆ ಸತ್ತ ಉದಾಹರಣೆಗಳು ಲೆಕ್ಕವಿಲ್ಲದಷ್ಟು.

ಆಮೇಲೆ ರೋಟರ್, ಅಂದರೆ ಆಲ್ಟರ್ನೇಟರಿನ ತಿರುಗುವ ಭಾಗ. ಎರಡೂ ಬ್ರಷ್ ಎತ್ತಿ, ಎರಡು ಸ್ಲಿಪ್ ರಿಂಗುಗಳ ನಡುವೆ ಮೀಟರ್ ಇಡಿ. ರೋಟರಿನ ಮಾದರಿ ನೋಡಿಕೊಂಡು ಕೆಲವೇ ಓಮ್ ಬರಬೇಕು. ಏನೂ ಬಾರದಿದ್ದರೆ ಒಳಗೆ ತಂತಿ ತುಂಡಾಗಿದೆ. ರಿಂಗಿನಿಂದ ಬಾಡಿಗೆ ರೀಡಿಂಗ್ ಬಂದರೆ ಶಾರ್ಟ್ ಆಗಿದೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ತುಂಡಾಗುವ ರೋಟರುಗಳೂ ಇವೆ, ಆದ್ದರಿಂದ ಓಡಿಸಿ ಬಂದು ಇನ್ನೊಮ್ಮೆ ಅಳೆಯಿರಿ. ಈ ಬೈಕಿನ ಆಲ್ಟರ್ನೇಟರ್ ಸುಮಾರು 240 ವ್ಯಾಟಿನದು ಮಾತ್ರ. ಹೆಚ್ಚುವರಿ ದೀಪ, ಬಿಸಿ ಗ್ರಿಪ್ ಎಲ್ಲ ಹಾಕಿದರೆ ತಡೆಯುವುದಿಲ್ಲ.

ಆರ್90ಎಸ್ ಆಯಿಲ್ ಫಿಲ್ಟರ್ ಬದಲಿಸುವುದು ಅಷ್ಟು ನಾಜೂಕಿನ ಕೆಲಸವೇ?

ಹೌದು. ಫಿಲ್ಟರ್ ಮುಚ್ಚಳದ ಒಳಗೆ 4 ಮಿ.ಮೀ. ದಪ್ಪದ ಬಿಳಿ ಓ-ರಿಂಗ್ ಇದೆ. ಒತ್ತಡದ ಆಯಿಲ್ ಫಿಲ್ಟರಿಗೆ ಹೋಗದೆ ನೇರ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಸೋರದಂತೆ ತಡೆಯುವುದು ಅದೊಂದೇ. ಅದನ್ನು ಮರೆತರೆ, ಹಳೆಯದನ್ನೇ ಹಾಕಿದರೆ, ಅಥವಾ ಅದು ಸಾಕಷ್ಟು ಅಮುಕದಿದ್ದರೆ ಆಯಿಲ್ ಒತ್ತಡ ಬಿದ್ದು ಬೇರಿಂಗುಗಳು ಹೋಗುತ್ತವೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಫಿಲ್ಟರ್ ಕೂರುವ ಕ್ಯಾನಿಸ್ಟರಿನ ಅಂಚು ಕೇಸಿನ ಮುಖದಿಂದ ಎಷ್ಟು ಒಳಗಿದೆ ಎಂದು ವರ್ನಿಯರ್‌ನಲ್ಲಿ ಅಳೆದು, ಆ ಅಳತೆಗೆ ತಕ್ಕ ಹಾಗೆ ಉಕ್ಕಿನ ಶಿಮ್ (ತೆಳು ಬಿಲ್ಲೆ) ಮತ್ತು ಪೇಪರ್ ಗ್ಯಾಸ್ಕೆಟ್ ಹಾಕಿ. ಫಿಲ್ಟರ್ ಸೇರಿ 2.25 ಲೀಟರ್ ಆಯಿಲ್ ಬೇಕು. ಗೇರುಬಾಕ್ಸಿಗೆ 0.8 ಲೀಟರ್, ಹಿಂದಿನ ಡ್ರೈವಿಗೆ 0.25 ಲೀಟರ್.

ಹೆಚ್ಚು ವೇಗದಲ್ಲಿ ಆರ್90ಎಸ್ ಹ್ಯಾಂಡಲ್ ಅಲ್ಲಾಡುತ್ತದೆ ಎನ್ನುತ್ತಾರೆ.

ಸರಿಯಾಗಿ ಜೋಡಿಸಿದ ಬೈಕು ಅಲ್ಲಾಡುವುದಿಲ್ಲ. ಮೊದಲು ಟೈರು ನೋಡಿ: ಮುಂದೆ 3.25-19, ಹಿಂದೆ 4.00-18. ಹಿಂದಿನದ್ದು ನಡುವಲ್ಲಿ ಚಪ್ಪಟೆಯಾಗಿ ಸವೆದಿದ್ದರೆ ಬೇರೇನನ್ನೂ ಮುಟ್ಟುವ ಮುನ್ನ ಅದನ್ನು ಬದಲಿಸಿ. ನಂತರ ಸ್ಟೀರಿಂಗ್ ಬೇರಿಂಗು. ಆಮೇಲೆ ಸ್ವಿಂಗ್ ಆರ್ಮ್: ಅದರ ಎರಡೂ ಪಿನ್ನುಗಳನ್ನು 20 ನ್ಯೂಟನ್-ಮೀಟರಿಗೆ ಬಿಗಿದು ಕೂರಿಸಿ, ಸಡಿಲಿಸಿ, ಮತ್ತೆ 10ಕ್ಕೆ ಬಿಗಿದು, ಲಾಕ್ ನಟ್ 100ಕ್ಕೆ ಬಿಗಿಯಬೇಕು. ಫ್ರೇಮಿಗೂ ಆರ್ಮಿಗೂ ನಡುವಿನ ಸಂದು ಎರಡೂ ಕಡೆ ಸಮ ಇರಲಿ. ಲಾಕ್ ನಟ್ಟಿಗೆ 27 ಎಂಎಂ ಸಾಕೆಟ್ ಬೇಕು, ಅದೂ ಗೋಡೆ ತೆಳುವಾಗಿ ಅರೆಸಿದ್ದು. ಮಾಮೂಲಿ ಸಾಕೆಟ್ ಒಳಗೆ ಹೋಗುವುದಿಲ್ಲ. ಇದೆಲ್ಲ ಸರಿ ಮಾಡದೆ ಸ್ಟೀರಿಂಗ್ ಡ್ಯಾಂಪರ್ ಬಿಗಿ ಮಾಡಿ ಓಡಿಸುವುದು ಅಪಾಯ.

ಆರ್90ಎಸ್ ಮುಂದಿನ ಬ್ರೇಕಿನಲ್ಲಿ ಏನು ನೋಡಬೇಕು?

ಮಾಸ್ಟರ್ ಸಿಲಿಂಡರ್ ಹ್ಯಾಂಡಲ್ ಮೇಲಿಲ್ಲ, ಟ್ಯಾಂಕಿನ ಕೆಳಗೆ ಫ್ರೇಮ್ ಮೇಲಿದೆ. ಲಿವರಿನಿಂದ ಕೇಬಲ್ ಅದನ್ನು ಎಳೆಯುತ್ತದೆ. ಅದು ಸೋರಿದರೆ ಯಾರಿಗೂ ಕಾಣದೆ ಬ್ರೇಕ್ ಫ್ಲೂಯಿಡ್ ಫ್ರೇಮಿನ ಬಣ್ಣ ತಿನ್ನುತ್ತಾ ಹೋಗುತ್ತದೆ, ಹಾಗಾಗಿ ಟ್ಯಾಂಕ್ ಎತ್ತಿಸದೆ ಬೈಕು ಕೊಳ್ಳಬೇಡಿ. ಕ್ಯಾಲಿಪರ್ ಒಂದು ಓರೆ ಪಿನ್ನಿನ ಮೇಲೆ ತೂಗುತ್ತದೆ. ಡಿಸ್ಕಿನ ಮೇಲೆ ಪೆನ್ನಿನಿಂದ ಅಡ್ಡ ಗೆರೆ ಎಳೆದು, ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿಯಿರಿ. ಗೆರೆ ಪೂರ್ತಿ ಅಗಲಕ್ಕೆ ಅಳಿಸಬೇಕು. ಮೇಲಂಚು ಅಥವಾ ಕೆಳಅಂಚು ಮಾತ್ರ ಅಳಿಸಿದರೆ ಪಿನ್ ತಿರುಗಿಸಿ ಸರಿ ಮಾಡಿ.

ಕ್ಲಚ್ ಕೆಲಸ ಊರಿನ ಮೆಕ್ಯಾನಿಕ್ ಹತ್ತಿರ ಮಾಡಿಸಬಹುದೇ?

ಮಾಡಿಸಬಹುದು, ಆದರೆ ಒಂದು ವಿಷಯ ಮೊದಲೇ ಹೇಳಿಡಿ. ಆರ್90ಎಸ್ ಫ್ಲೈವೀಲ್ ಬಿಚ್ಚುವ ಮುನ್ನ ಕ್ರ್ಯಾಂಕ್ ಮುಂದಕ್ಕೆ ಜರುಗದಂತೆ ಎಂಜಿನ್ ಮುಂಭಾಗದಲ್ಲಿ ತಡೆ ಕೊಡಬೇಕು. ಕ್ರ್ಯಾಂಕ್ ಜರುಗಿದರೆ ಒಳಗಿನ ಥ್ರಸ್ಟ್ ವಾಷರ್ ತನ್ನ ಪಿನ್ನುಗಳಿಂದ ಕಳಚಿ ಬೀಳುತ್ತದೆ. ಅದು ಗೊತ್ತಾಗದೆ ಫ್ಲೈವೀಲ್ ಬಿಗಿದರೆ ಎಂಜಿನ್ ಕೇಸಿಗೇ ಏಟು. ಗೇರುಬಾಕ್ಸ್ ಹೇಗೂ ಹೊರಗಿರುವಾಗ ಕ್ಲಚ್ಚಿನ ಸ್ಪ್ಲೈನಿಗೆ ತೆಳ್ಳಗೆ ಗ್ರೀಸ್ ಹಚ್ಚಿಸಿ.

ನೋಡಲು ಹೋದಾಗ ಯಾವ ಕ್ರಮದಲ್ಲಿ ನೋಡುವುದು?

ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ, ತಲುಪಿದ ತಕ್ಷಣ ಹೆಡ್ ಮುಟ್ಟಿ ನೋಡಿ. ನಂಬರ್, ಕಾಗದಪತ್ರ ಮೊದಲು. ಆಮೇಲೆ ಟ್ಯಾಂಕಿನ ಬಾಯಿಂದ ಟಾರ್ಚ್ ಬಿಟ್ಟು ತುಕ್ಕು ನೋಡಿ. ಸೈಲೆನ್ಸರ್ ಹಿಡಿದಿರುವ ರೆಕ್ಕೆಯ ನಟ್ಟುಗಳನ್ನು ಗಮನಿಸಿ: ಸುತ್ತ ಸಿಲಿಕೋನ್ ಮೆತ್ತಿದ್ದರೆ ಹೆಡ್ಡಿನ ಥ್ರೆಡ್ ಹೋಗಿರಬಹುದು. ಕೊಂಡ ಮೇಲೆ ಆ ನಟ್ ಬರದೆ ಜಾಮ್ ಆಗಿದ್ದರೆ ಬಲ ಹಾಕಬೇಡಿ, ನಟ್ಟನ್ನೇ ಕೊಯ್ದು ತೆಗೆಯಿರಿ. ನಟ್ ಅಗ್ಗ, ಹೆಡ್ ದುಬಾರಿ.

ಸ್ಟಾರ್ಟ್ ಮಾಡಿಸಿ, ಹತ್ತಿಪ್ಪತ್ತು ಕಿ.ಮೀ. ಓಡಿಸಿ, ಬಿಸಿಯಾದ ಮೇಲೆ ಆಕ್ಸಿಲರೇಟರ್ ಪೂರ್ತಿ ತೆರೆದು ಕಂಪ್ರೆಶನ್ ಅಳೆಯಿರಿ. ಆರ್90ಎಸ್‌ಗೆ 10 ಬಾರ್ ಮೇಲೆ ಬಂದರೆ ಚೆನ್ನ, 8.5ಕ್ಕಿಂತ ಕೆಳಗಿದ್ದರೆ ಕೆಲಸವಿದೆ. ಎರಡು ಸಿಲಿಂಡರ್ ನಡುವಿನ ವ್ಯತ್ಯಾಸವೂ ಮುಖ್ಯ. ಕೊನೆಗೆ ಹಿಂದಿನ ಡ್ರೈವಿನ ಆಯಿಲ್ ಪ್ಲಗ್ ಬಿಚ್ಚಿಸಿ. ಬೆರಳಿಗೆ ನವಿರಾದ ಬೂದು ಲೇಪ ಅಂಟಿದರೆ ಪರವಾಗಿಲ್ಲ, ಲೋಹದ ಚೂರು ಸಿಕ್ಕಿದರೆ ಬೇಡ.

ಭಾರತದಲ್ಲಿ ನೋಂದಣಿ ಹೇಗೆ?

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಎರಡು, ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ನೋಂದಣಿಯ ದಾರಿ ತೆರೆಯಿತು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಮರುನೋಂದಣಿಗೆ 5,000. ಆಮದಾದ ವಾಹನಕ್ಕೆ ಬಿಲ್ ಆಫ್ ಎಂಟ್ರಿ ಬೇಕು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬ ಷರತ್ತಿದೆ, ಅಸಲಿತನದ ಬಗ್ಗೆ ಇಷ್ಟು ಹೇಳಲು ಇದೂ ಒಂದು ಕಾರಣ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲಿಗೆ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ.

ಆರ್69ಎಸ್ ಎಲ್ಲವೂ 50 ದಾಟಿವೆ. ಆರ್90ಎಸ್‌ಗೆ ಮೊದಲ ನೋಂದಣಿಯ ದಿನಾಂಕ ನೋಡಿಯೇ ಲೆಕ್ಕ ಹಾಕಿ. ಹೊರದೇಶದಿಂದ ತರಿಸುವ ಯೋಚನೆಯಿದ್ದರೆ, ಮುಂಗಡ ಕೊಡುವ ಮುನ್ನವೇ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆ ಹೊತ್ತಿನ ಅಧಿಸೂಚನೆ ಓದಿ, ಕಸ್ಟಮ್ಸ್ ಏಜೆಂಟರಿಂದ ಸುಂಕದ ಲೆಕ್ಕ ಬರಹದಲ್ಲಿ ತರಿಸಿಕೊಳ್ಳಿ.

ನಮ್ಮ ಪೆಟ್ರೋಲ್, ನಮ್ಮ ಹವೆಗೆ ಏನು ಎಚ್ಚರ?

ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. ಹಳೆಯ ರಬ್ಬರ್ ಪೈಪು, ಓ-ರಿಂಗು ಅದಕ್ಕೆ ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಪೈಪು ಹಾಕಿಸಿ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ಬೆವರಿ ಸ್ಪೋಕು, ಕ್ರೋಮ್ ತುಕ್ಕಾಗುತ್ತದೆ. ಹತ್ತಿ ಬಟ್ಟೆ ಹೊದಿಸಿ, ಗಾಳಿಯಾಡಲು ಬಿಡಿ. ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಒಳ್ಳೆಯದಲ್ಲ, ಎಂಜಿನ್ ಒಳಗೆ ನೀರು ಕಟ್ಟುತ್ತದೆ. ಓಡಿಸುವುದಿದ್ದರೆ ಅರ್ಧ ಗಂಟೆ ಓಡಿಸಿ.

ಒಂದೇ ಕೊಳ್ಳಲು ಸಾಧ್ಯ. ಯಾವುದು?

ಮೊದಲ ಬಾರಿ ಕೊಳ್ಳುವವರಿಗೆ, ಓಡಿಸಬೇಕು ಎಂಬ ಆಸೆ ಇರುವವರಿಗೆ ಆರ್90ಎಸ್. ಅದರ ಎಂಜಿನ್, ಗೇರುಬಾಕ್ಸಿನ ಬಹುತೇಕ ಭಾಗಗಳು ಆ ಕಾಲದ ಬೇರೆ ಬಿಎಂಡಬ್ಲ್ಯುಗಳದೇ ಆದ್ದರಿಂದ ಬಿಡಿಭಾಗ ಸುಲಭವಾಗಿ ಸಿಗುತ್ತವೆ, ಹೆಚ್ಚಿನ ಕೆಲಸ ಮನೆಯಲ್ಲೇ ಮಾಡಿಕೊಳ್ಳಬಹುದು. ಫೇರಿಂಗ್, ಗಡಿಯಾರ, ವೋಲ್ಟ್‌ಮೀಟರ್, ಡೆಲೋರ್ಟೊ ಜೋಡಿ, ಅಸಲಿ ಬಣ್ಣ ಇದ್ದು ಎಂಜಿನ್ ತುಸು ದಣಿದಿದ್ದರೂ ಕೊಳ್ಳಿ, ಎಂಜಿನ್ ಸರಿ ಮಾಡಬಹುದು.

ಆರ್69ಎಸ್‌ಗೆ ಇದು ತಿರುಗುಮುರುಗು. ಸ್ಲಿಂಗರ್ ಕೆಲಸದ ಬಿಲ್ಲು, ಹೊಂದುವ ನಂಬರು ಇದ್ದರೆ ಬಣ್ಣ ಮಾಸಿದ್ದರೂ ಕೊಳ್ಳಿ. ಚಂದದ ಕಪ್ಪು ಬಣ್ಣ, ಬಿಳಿ ಗೆರೆ ಎಲ್ಲ ಇದ್ದು ಎಂಜಿನ್ನಿನ ಚರಿತ್ರೆ ಗೊತ್ತಿಲ್ಲದಿದ್ದರೆ ಬೇಡ. ತಡೆಯಲಾರದೆ ಅಂಥದ್ದನ್ನು ಕೊಂಡೇಬಿಟ್ಟರೆ, ಕ್ರ್ಯಾಂಕ್ ಬಿಚ್ಚಿಸುವವರೆಗೆ ಅದನ್ನು ಹೆದ್ದಾರಿಗೆ ತೆಗೆದುಕೊಂಡು ಹೋಗಬೇಡಿ.